ಹಲಸಿನ ಮುದ್ದೆ ಮಣೆಗೆ ಬೂಷ್ಟು, ತುದಿಯಲ್ಲಿ ಸೀಳು. ಯಾವ ಎಣ್ಣೆ ಹಚ್ಚಬೇಕು?

ನಾಗಮಂಗಲದ ಸೊಸೆ

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ ಕುವೆಂಪುನಗರದಲ್ಲಿ ಇದ್ದೇವೆ. ಅತ್ತೆ ಮನೆ ನಾಗಮಂಗಲದ ಕಡೆ ಹಳ್ಳಿ. ಅಲ್ಲಿನ ಹಳೇ ಮನೆ ಬಿಚ್ಚಿಸುವಾಗ ಅತ್ತೆ ಕೇಳಿ ತರಿಸಿಕೊಂಡಿದ್ದು ಎರಡೇ ಸಾಮಾನು. ಒಂದು ಕಡೆಗೋಲು, ಇನ್ನೊಂದು ಮುದ್ದೆ ಮಣೆ. ಮಣೆ ಹಲಸಿನ ಮರದ್ದು, ಒಂದೇ ಹಲಗೆ. ಎರಡಡಿ ಉದ್ದ, ಒಂದಡಿ ಅಗಲ, ದಪ್ಪ ಸುಮಾರು ಒಂದೂವರೆ ಇಂಚು. ಮೇಲ್ಭಾಗ ಕೈಯಾಡಿ ಆಡಿ ನಡುವೆ ಸ್ವಲ್ಪ ತಗ್ಗಾಗಿದೆ. ಬಣ್ಣ ಒಳ್ಳೆ ಜೋನಿ ಬೆಲ್ಲದ್ದು.

ಹಳ್ಳಿಯಲ್ಲಿ ಇದ್ದಷ್ಟು ದಿನ ಇದಕ್ಕೆ ಏನೂ ಆಗಿರಲಿಲ್ಲ ಅಂತಾರೆ ಅತ್ತೆ. ಇಲ್ಲಿಗೆ ಬಂದ ಮೇಲೆ ಈ ಮಳೆಗಾಲದಲ್ಲಿ ಕೆಳಗಡೆ ಬೆಳ್ಳಗೆ ಬೂಷ್ಟು ಹಿಡಿಯಿತು. ಒರೆಸಿದರೆ ಹೋಗುತ್ತದೆ, ವಾರದಲ್ಲಿ ಮತ್ತೆ ಬರುತ್ತದೆ. ಮೂಗಿನ ಹತ್ತಿರ ತಂದರೆ ಹುಳಿ ಹಿಟ್ಟಿನ ವಾಸನೆ. ಒಂದು ತುದಿಯಲ್ಲಿ ನಾಲ್ಕು ಬೆರಳುದ್ದ ಸೀಳು ಬಿಟ್ಟಿದೆ. ಅದರೊಳಗೆ ರಾಗಿ ಹಿಟ್ಟು ಸೇರಿಕೊಳ್ಳುತ್ತದೆ, ಕಡ್ಡಿ ಹಾಕಿ ತೆಗೆಯಬೇಕು.

ನಮ್ಮ ಮನೆಯಲ್ಲಿ ವಾರದಲ್ಲಿ ಐದಾರು ದಿನ ಮುದ್ದೆ. ಮಣೆ ಶೋಕೇಸಿಗೆ ಇಡುವ ಸಾಮಾನಲ್ಲ, ದಿನಾ ಬೇಕು. ಅಕ್ಕಪಕ್ಕದವರು ಒಬ್ಬರು ಕಡಲೆಕಾಯಿ ಎಣ್ಣೆ ಹಚ್ಚಿ ಅಂತಾರೆ. ಇನ್ನೊಬ್ಬರು ಮೆಡಿಕಲ್ ಸ್ಟೋರಿನ ಲಿಕ್ವಿಡ್ ಪ್ಯಾರಾಫಿನ್ ಅಂತಾರೆ. ಹಾರ್ಡ್‌ವೇರ್ ಅಂಗಡಿಯವರು ಲಿನ್‌ಸೀಡ್ ಆಯಿಲ್ ಡಬ್ಬಿ ಎತ್ತಿ ಕೊಟ್ಟರು, ನಾನು ತೊಗೊಳ್ಳಲಿಲ್ಲ. ಯಾವುದು ಸರಿ? ಸೀಳಿಗೆ ಏನು ಮಾಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ. ಅತ್ತೆಗೆ ಈ ಮಣೆ ಮೇಲೆ ಪ್ರಾಣ.

ಹೆಬ್ಬಾಳ್ ಎರಡನೇ ಹಂತ

ನಮ್ಮ ಮನೆಯಲ್ಲಿ ಚಪಾತಿ ಮಣೆಗೆ ಕಡಲೆಕಾಯಿ ಎಣ್ಣೆಯನ್ನೇ ಹಚ್ಚುವುದು. ಹಚ್ಚಿ ತಾರಸಿ ಮೇಲೆ ಒಂದು ದಿನ ಚೆನ್ನಾಗಿ ಬಿಸಿಲಿಗೆ ಇಡಿ, ಬೂಷ್ಟು ಸತ್ತುಹೋಗುತ್ತದೆ. ಸೀಳಿಗೆ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬಿ. ನಮ್ಮ ಮನೆಗೆ ಬಂದ ಬಡಗಿ ಹಾಗೇ ಮಾಡಿಕೊಟ್ಟರು.

ಮಂಡ್ಯ ಮರಗೆಲಸ

ಅಕ್ಕ, ಎಣ್ಣೆ ಮಾತು ಆಮೇಲೆ. ಮೊದಲು ಮಣೆ ಮಗುಚಿ ಕೆಳಗಡೆ ನೋಡಿ. ಎರಡು ಅಡ್ಡಪಟ್ಟಿ ಇದೆಯಾ? ಇದ್ದರೆ ಅದಕ್ಕೆ ಮೊಳೆ ಹೊಡೆದಿದ್ದಾರಾ, ಇಲ್ಲಾ ಹಲಗೆಯಲ್ಲಿ ತೋಡು ಕೊರೆದು ಪಟ್ಟಿಯನ್ನು ಒಳಗೆ ಜಾರಿಸಿ ಕೂರಿಸಿದ್ದಾರಾ? ಇನ್ನೊಂದು, ಮುದ್ದೆ ಕಟ್ಟಿದ ಮೇಲೆ ಮಣೆಯನ್ನು ಎಲ್ಲಿ, ಹೇಗೆ ಇಡುತ್ತೀರಿ? ಇವೆರಡು ಹೇಳಿ, ಸೀಳಿನ ವಿಷಯ ಆಗ ಮಾತಾಡೋಣ.

ನಾನು ಮಂಡ್ಯದಲ್ಲಿ ಮರಗೆಲಸ ಮಾಡುವವನು. ನಮ್ಮ ತಂದೆ ಕಾಲದಲ್ಲಿ ಎತ್ತಿನ ಗಾಡಿ, ನೇಗಿಲು, ನೊಗ. ಈಗ ಬಾಗಿಲು ಕಿಟಕಿ ಕೆಲಸ ಜಾಸ್ತಿ. ಆದರೆ ಮಣೆ, ಮುದ್ದೆ ಕೋಲು, ಲಟ್ಟಣಿಗೆ ಮಾಡಿಕೊಡಿ ಅಂತ ಯಾರಾದರೂ ಬಂದರೆ ಬೇರೆ ಕೆಲಸ ಪಕ್ಕಕ್ಕಿಟ್ಟು ಮಾಡುತ್ತೇನೆ. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ.

ಬೂಷ್ಟಿನ ವಿಷಯ ಈಗಲೇ ಹೇಳಿಬಿಡುತ್ತೇನೆ. ಮರದೊಳಗಿನ ತೇವ ಶೇಕಡ 20 ದಾಟಿ ಅಲ್ಲೇ ನಿಂತರೆ ಬೂಷ್ಟು ಹಿಡಿಯುತ್ತದೆ. ಅದಕ್ಕಿಂತ ಒಣಗಿದ್ದರೆ ಹಿಡಿಯುವುದಿಲ್ಲ. ಹಳ್ಳಿ ಮನೆಯಲ್ಲಿ ಮಣೆ ಎಲ್ಲಿ ಇರುತ್ತಿತ್ತು ಅಂತ ಅತ್ತೆಯನ್ನು ಕೇಳಿ. ನಾನು ನೋಡಿದ ಮನೆಗಳಲ್ಲೆಲ್ಲ ಸೌದೆ ಒಲೆ ಪಕ್ಕದ ಗೋಡೆಗೆ ಒರಗಿಸಿ ನಿಲ್ಲಿಸಿರುತ್ತಿದ್ದರು. ಒಲೆ ಕಾವಿಗೆ ನೀರು ಆರುತ್ತಿತ್ತು, ಹೊಗೆಗೆ ಬೂಷ್ಟು ಹತ್ತಿರ ಬರುತ್ತಿರಲಿಲ್ಲ. ಎಣ್ಣೆ ಯಾರೂ ಹಚ್ಚುತ್ತಿರಲಿಲ್ಲ. ಈಗ ಗ್ರಾನೈಟ್ ಕಟ್ಟೆ. ಒದ್ದೆ ಮಣೆಯನ್ನು ಅದರ ಮೇಲೆ ಮಲಗಿಸಿದರೆ ಕೆಳಗಿನ ಮುಖಕ್ಕೆ ಗಾಳಿಯೇ ಇಲ್ಲ. ಮೇಲ್ಗಡೆ ಒಣಗಿದೆ ಅಂತ ನಾವು ಅಂದುಕೊಳ್ಳುತ್ತೇವೆ, ಕೆಳಗಡೆ ಮಾರನೇ ದಿನವೂ ತಣ್ಣಗಿರುತ್ತದೆ. ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ. ಒಣಗಿದ ಮರ ಕೈಗೆ ಬೆಚ್ಚಗೆ ಸಿಗುತ್ತದೆ, ತೇವ ಇರುವ ಮರ ತಣ್ಣಗೆ.

ಹೆಬ್ಬಾಳಿನವರು ಹೇಳಿದ ಬಿಸಿಲಿನ ಬಗ್ಗೆ ಒಂದು ಮಾತು. ಮಧ್ಯಾಹ್ನದ ಬಿಸಿಲಿಗೆ ಇಡಬೇಡಿ. ಮೇಲಿನ ಪದರ ಒಮ್ಮೆಗೇ ಒಣಗಿ ಕುಗ್ಗುತ್ತದೆ, ಒಳಗಿನದು ಇನ್ನೂ ಉಬ್ಬಿಕೊಂಡೇ ಇರುತ್ತದೆ. ಆ ಎಳೆದಾಟದಲ್ಲಿ ಹಲಗೆ ಸೀಳುತ್ತದೆ. ಬೆಳಗ್ಗೆ ಎಳೆ ಬಿಸಿಲು ಸಾಕು. ಮುಕ್ಕಾಲು ಗಂಟೆ, ಮಗುಚಿ ಇನ್ನೊಂದು ಮುಕ್ಕಾಲು ಗಂಟೆ. ಆಮೇಲೆ ನೆರಳು, ಗಾಳಿ.

ಮತ್ತೆ, ಮರದ ಹೊಟ್ಟು ಅಂಟು ಕಲಸಿ ತುಂಬುವುದು ಬಾಗಿಲಿಗೆ ಸರಿ. ಮುದ್ದೆ ಮಣೆಗೆ ಬೇಡ. ಕುದಿ ಮುದ್ದೆ ಬಿದ್ದ ಕಡೆ ಮಾಮೂಲಿ ಬಿಳಿ ಅಂಟು ಮೆತ್ತಗಾಗುತ್ತದೆ, ನೀರಿಗೆ ಬಿಡುತ್ತದೆ. ಚೂರುಚೂರಾಗಿ ಎದ್ದು ಊಟಕ್ಕೇ ಬರುತ್ತದೆ.

ನಾಗಮಂಗಲದ ಸೊಸೆ

ಅಣ್ಣ, ತುಂಬಾ ಉಪಕಾರವಾಯಿತು. ಅತ್ತೆಯನ್ನು ಕೇಳಿದೆ. ನೀವು ಹೇಳಿದ ಹಾಗೇ, ಒಲೆ ಪಕ್ಕ ಗೂಡಿನ ಕೆಳಗೆ ನಿಲ್ಲಿಸುತ್ತಿದ್ದರಂತೆ. ಇಲ್ಲಿ ಸಿಂಕ್ ಪಕ್ಕದ ಕಟ್ಟೆ ಮೇಲೆ ಮಲಗಿಸಿರುತ್ತೇವೆ, ಬೇರೆ ಜಾಗ ಇಲ್ಲ.

ಕೆಳಗಡೆ ಎರಡು ಅಡ್ಡಪಟ್ಟಿ ಇದೆ. ಅವು ಹಳೇವಲ್ಲ. ಮಣೆ ಸ್ವಲ್ಪ ಅಲುಗಾಡುತ್ತೆ ಅಂತ ನಮ್ಮವರು ಇಲ್ಲೇ ಒಬ್ಬ ಬಡಗಿ ಹತ್ತಿರ ಹೊಡೆಸಿದ್ದು. ಒಂದೊಂದು ಪಟ್ಟಿಗೂ ನಾಲ್ಕು ಮೊಳೆ. ಅಂಟೂ ಹಾಕಿದ್ದಾರೆ ಅನ್ನಿಸುತ್ತದೆ. ಸೀಳು ಇರುವುದು ಸರಿಯಾಗಿ ಒಂದು ಪಟ್ಟಿಯ ಮೊಳೆ ಸಾಲಿನ ಹತ್ತಿರ. ಮೊಳೆ ಸುತ್ತ ಮರ ಕಪ್ಪಗಾಗಿದೆ. ಅದೂ ಬೂಷ್ಟಾ?

ಮಂಡ್ಯ ಮರಗೆಲಸ

ಸೀಳಿಗೆ ಕಾರಣ ಸಿಕ್ಕಿತು ಅಕ್ಕ. ಆ ಮೊಳೆಗಳೇ.

ಹಲಗೆ ಉದ್ದುದ್ದಕ್ಕೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ ಅಂತಲೇ ಅಂದುಕೊಳ್ಳಿ. ಅಷ್ಟು ಕಮ್ಮಿ. ಅಡ್ಡಡ್ಡಕ್ಕೆ ಮಾತ್ರ ಮಳೆಗಾಲಕ್ಕೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಒಂದಡಿ ಅಗಲದ ಹಲಗೆಯಲ್ಲಿ ಎರಡು ಮಿಲಿಮೀಟರ್ ಆಚೀಚೆ ಆಗುವುದು ಮಾಮೂಲು. ನಿಮ್ಮ ಮಣೆ ದಿನಾ ನೆನೆಯುತ್ತದೆ, ಜಾಸ್ತಿಯೇ ಆಡುತ್ತದೆ. ಈಗ ಅದರ ಕೆಳಗೆ ಅಡ್ಡಕ್ಕೆ ಒಂದು ಪಟ್ಟಿ ಇಟ್ಟಿದ್ದಾರೆ. ಆ ಪಟ್ಟಿಯ ಉದ್ದ ಹಲಗೆಯ ಅಗಲದ ಕಡೆಗೆ ಬಂತು. ಅಂದರೆ ಪಟ್ಟಿ ಮಿಸುಕುವುದಿಲ್ಲ, ಹಲಗೆ ಮಿಸುಕಬೇಕು. ನಡುವೆ ನಾಲ್ಕು ಮೊಳೆ, ಮೇಲೆ ಅಂಟು. ಹಲಗೆ ಕುಗ್ಗಲು ಹೋದಾಗ ಎರಡು ಅಂಚಿನ ಮೊಳೆಗಳು ಬಿಡುವುದಿಲ್ಲ. ಅದು ಎಲ್ಲಿ ಸೋಲುತ್ತದೋ ಅಲ್ಲಿ ಸೀಳುತ್ತದೆ. ಮರದ ತಪ್ಪು ಇದರಲ್ಲಿ ಏನೂ ಇಲ್ಲ. ಹಲಸು ತುಂಬಾ ಒಳ್ಳೆ ಮರ, ಸುಲಭಕ್ಕೆ ಸೊಟ್ಟಗಾಗುವುದಿಲ್ಲ, ಗೆದ್ದಲು ಬೇಗ ಮುಟ್ಟುವುದಿಲ್ಲ. ವೀಣೆ ಕೊರೆಯುವುದೂ ಇದೇ ಮರದಲ್ಲಿ.

ತುದಿಯಲ್ಲೇ ಸೀಳು ಶುರುವಾಗಲು ಇನ್ನೊಂದು ಕಾರಣ ಇದೆ. ಮರ ಅಂದರೆ ಭತ್ತದ ಹುಲ್ಲಿನ ಕಂತೆ ಇದ್ದ ಹಾಗೆ. ಪಕ್ಕದಿಂದ ನೀರು ಸುರಿದರೆ ಜಾರಿಹೋಗುತ್ತದೆ, ಕುಯ್ದ ತುದಿಯಿಂದ ಸುರಿದರೆ ಸೀದಾ ಒಳಗೆ. ಹಲಗೆಯ ಅಡ್ಡ ಕುಯ್ದ ತುದಿಗಳು ನೀರನ್ನು ಬೇಗ ಎಳೆದುಕೊಳ್ಳುತ್ತವೆ, ಬೇಗ ಬಿಡುತ್ತವೆ. ನಡುಭಾಗ ನಿಧಾನ. ಹಾಗಾಗಿ ತುದಿ ಮೊದಲು ಸೀಳುತ್ತದೆ.

ಮೊಳೆ ಸುತ್ತ ಕಪ್ಪಾಗಿರುವುದು ಬೂಷ್ಟಲ್ಲ. ಒದ್ದೆ ಕಬ್ಬಿಣ ಮರದ ಒಗರಿನ ಜೊತೆ ಸೇರಿದರೆ ಶಾಯಿ ಥರ ಕಪ್ಪು ಬಿಡುತ್ತದೆ. ಈಳಿಗೆ ಮಣೆಯಲ್ಲಿ ಈಳಿಗೆ ಕೂತ ಜಾಗದ ಸುತ್ತ ನೋಡಿರುತ್ತೀರಿ, ಅದೇ. ಹೊನ್ನೆ, ಮತ್ತಿ ಥರದ ಒಗರು ಜಾಸ್ತಿ ಇರುವ ಮರದಲ್ಲಿ ಇನ್ನೂ ಕಪ್ಪಾಗುತ್ತದೆ. ನಿಂಬೆಹೋಳು ಉಜ್ಜಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ತಿಳಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಅದರಿಂದ ತೊಂದರೆ ಇಲ್ಲ. ಅಂಗಡಿಯಲ್ಲಿ ಆಕ್ಸಾಲಿಕ್ ಆ್ಯಸಿಡ್ ಕೊಡುತ್ತಾರೆ, ಅದು ವಿಷ. ಊಟದ ಮಣೆಗೆ ಮುಟ್ಟಿಸಬೇಡಿ.

ಈಗ ಮಾಡಬೇಕಾದ್ದು. ಎರಡೂ ಪಟ್ಟಿ ತೆಗೆಸಿ. ಅಂಟು ಹಾಕಿದ್ದರೆ ಎಬ್ಬುವುದಕ್ಕೆ ಹೋಗದೆ ಪಟ್ಟಿಯನ್ನೇ ಉಳಿಯಲ್ಲಿ ಕೆತ್ತಿ ತೆಗೆಯಬೇಕು. ಎಬ್ಬಿದರೆ ಹಲಗೆಯ ಸಿಬರು ಕಿತ್ತುಬರುತ್ತದೆ. ಆಮೇಲೆ ಮಣೆಯನ್ನು ನೆರಳಲ್ಲಿ, ಗಾಳಿ ಆಡುವ ಕಡೆ, ಅಂಚಿನ ಮೇಲೆ ನಿಲ್ಲಿಸಿ ಮೂರ್ನಾಲ್ಕು ವಾರ ಬಿಡಿ. ಕಷ್ಟ ಅಂತ ಗೊತ್ತು, ಮುದ್ದೆ ದಿನಾ ಬೇಕು. ಅಲ್ಲಿತನಕ ತಟ್ಟೆಯಲ್ಲೇ ಕಟ್ಟಿಕೊಳ್ಳಿ. ಹಿಡಿತ ಬಿಟ್ಟ ಮೇಲೆ ಎಷ್ಟೋ ಸಲ ಸೀಳು ತಾನಾಗಿ ಮುಚ್ಚಿಕೊಳ್ಳುತ್ತದೆ, ಕೂದಲೆಳೆ ಗೆರೆ ಅಷ್ಟೇ ಉಳಿಯುತ್ತದೆ. ಮುಚ್ಚದಿದ್ದರೆ ಆ ತುದಿಯಿಂದ ಐದು ಬೆರಳಷ್ಟು ಕುಯ್ದುಬಿಡುವುದು ಒಳ್ಳೆಯದು. ಎರಡಡಿ ಉದ್ದದಲ್ಲಿ ಅಷ್ಟು ಹೋದರೂ ಮುದ್ದೆ ಕಟ್ಟಲು ಜಾಗ ಸಾಲದೆ ಬರುವುದಿಲ್ಲ. ಅತ್ತೆಗೆ ಬೇಜಾರಾಗಬಹುದು. ಆದರೆ ಹಿಟ್ಟು ಸೇರಿಕೊಳ್ಳುವ ಸೀಳನ್ನು ಇಟ್ಟುಕೊಂಡರೆ ಹುಳಿ ವಾಸನೆ ಎಂದೂ ಹೋಗುವುದಿಲ್ಲ.

ಅಲುಗಾಟಕ್ಕೆ ಪಟ್ಟಿ ಬೇಕೇ ಬೇಕು ಅಂದರೆ ನಾನು ಆಗಲೇ ಕೇಳಿದ ತೋಡಿನ ಪಟ್ಟಿ ಹಾಕಿಸಿ. ತೋಡು ಬುಡದಲ್ಲಿ ಅಗಲ, ಬಾಯಲ್ಲಿ ಕಿರಿದು. ಪಟ್ಟಿಯನ್ನು ಪಕ್ಕದಿಂದ ಜಾರಿಸಿದರೆ ಕೆಳಕ್ಕೆ ಬೀಳುವುದಿಲ್ಲ. ಅಂಟು ಬೇಡ, ಮೊಳೆ ಬೇಡ. ಹಲಗೆ ಹಿಗ್ಗಿದರೆ ಪಟ್ಟಿಯ ಮೇಲೆ ತಾನೇ ಜಾರಿಕೊಳ್ಳುತ್ತದೆ. ಹಳೇ ಹಲಗೆ ಬಾಗಿಲುಗಳಲ್ಲಿ ಈ ಕೆಲಸ ಈಗಲೂ ನೋಡಬಹುದು. ಇಷ್ಟು ಮಾಡುವವರು ಸಿಗದಿದ್ದರೆ ಪಟ್ಟಿಯಲ್ಲಿ ಉದ್ದನೆ ತೂತು ಕೊರೆದು ಹಿತ್ತಾಳೆ ಸ್ಕ್ರೂ ಹಾಕಿಸಿ, ಪೂರ್ತಿ ಬಿಗಿ ಮಾಡಬೇಡಿ. ಕಬ್ಬಿಣದ್ದು ಮಾತ್ರ ಬೇಡ.

ಈಗ ಎಣ್ಣೆ. ನಿಮ್ಮ ಮುದ್ದೆ ಮಣೆಗೆ ಎಣ್ಣೆ ಬೇಡ ಅಕ್ಕ.

ತರಕಾರಿ ಹೆಚ್ಚುವ ಮಣೆ ಬೇರೆ, ಇದು ಬೇರೆ. ಇಂಟರ್‌ನೆಟ್ಟಿನಲ್ಲಿ ಹೇಳುವುದೆಲ್ಲ ಹೆಚ್ಚುವ ಮಣೆಗೆ. ಅದರ ಮೇಲೆ ತಣ್ಣಗಿನ ಪದಾರ್ಥ ಬೀಳುತ್ತದೆ. ನಿಮ್ಮದರ ಮೇಲೆ ಕುದಿಯುವ ಪಾತ್ರೆಯಿಂದ ಸೀದಾ ಮುದ್ದೆ ಬಂದು ಬೀಳುತ್ತದೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ. ಮುದ್ದೆ ಅದಕ್ಕಿಂತ ಬಿಸಿ. ಮೇಣ ಹಚ್ಚಿದರೆ ಕರಗಿ ಮುದ್ದೆಗೆ ಹತ್ತುತ್ತದೆ. ಎಣ್ಣೆಯೂ ಬಿಸಿಗೆ ತೆಳ್ಳಗಾಗಿ ಮೇಲೆ ಬರುತ್ತದೆ. ಇನ್ನೊಂದು, ಮುದ್ದೆ ಹಾಕುವ ಮುಂಚೆ ಮಣೆಗೆ ನೀರು ಚಿಮುಕಿಸಿ ಸವರುತ್ತೀರಲ್ವಾ? ಅಂಟದೆ ಬರಲು ಆ ನೀರಿನ ತೆಳು ಪದರ ಬೇಕು. ಬರೀ ಮರದ ಮೇಲೆ ನೀರು ಸಮವಾಗಿ ಹರಡಿಕೊಳ್ಳುತ್ತದೆ. ಎಣ್ಣೆ ಕುಡಿದ ಮರದ ಮೇಲೆ ಹನಿ ಹನಿಯಾಗಿ ಬೇರೆ ಬೇರೆ ನಿಲ್ಲುತ್ತದೆ, ನಡುವೆ ಮುದ್ದೆ ಅಂಟುತ್ತದೆ. ನಮ್ಮ ಕಡೆ ಹೆಂಗಸರು ಮುದ್ದೆ ಮಣೆಗೆ ಎಣ್ಣೆ ಮುಟ್ಟಿಸದೇ ಇದ್ದಿದ್ದು ಮರೆತಲ್ಲ.

ಅಡ್ಡ ಕುಯ್ದ ಎರಡು ತುದಿಗಳಿಗೆ ಮಾತ್ರ ಜೇನುಮೇಣ ತಿಕ್ಕಿ. ಅಲ್ಲಿ ಮುದ್ದೆ ತಾಗುವುದಿಲ್ಲ. ಮಣೆ ಚೆನ್ನಾಗಿ ಒಣಗಿದ ಮೇಲೆ ಮೇಣದ ಉಂಡೆಯನ್ನು ತುದಿಗೆ ಉಜ್ಜಿ, ಬಿಸಿ ಸೌಟಿನ ಬೆನ್ನಿನಿಂದ ಒತ್ತಿದರೆ ಒಳಗೆ ಇಳಿಯುತ್ತದೆ. ಮೇಣದ ಬತ್ತಿ ಕರಗಿಸಬೇಡಿ, ಅದು ಜೇನುಮೇಣ ಅಲ್ಲ. ನೀರು ತುದಿಯಿಂದ ನುಗ್ಗುವುದು ನಿಂತರೆ ಅರ್ಧ ಕೆಲಸ ಆಯಿತು.

ಉಳಿದ ಅರ್ಧ ತೊಳೆಯುವುದರಲ್ಲಿದೆ. ಮಣೆಯ ಮೇಲ್ಮುಖ ಮಾತ್ರ ನೆನೆಸಬೇಡಿ. ಒಂದೇ ಮುಖ ನೆನೆದರೆ ಆ ಕಡೆ ಮಾತ್ರ ಉಬ್ಬಿ ಹಲಗೆ ಬಾಗುತ್ತದೆ. ನಿಮ್ಮ ಮಣೆ ಅಲುಗಾಡಲು ಶುರುವಾಗಿದ್ದೂ ಹಾಗೇ ಇರಬೇಕು. ಮೇಲೆ ತೊಳೆದರೆ ಕೆಳಗೂ ಒಂದು ಚೊಂಬು ನೀರು ಹಾಕಿ, ಎರಡೂ ಕಡೆ ಬಟ್ಟೆಯಲ್ಲಿ ಒರೆಸಿ, ಉದ್ದನೆ ಅಂಚಿನ ಮೇಲೆ ನಿಲ್ಲಿಸಿ. ಅಡ್ಡ ಕುಯ್ದ ತುದಿಯ ಮೇಲೆ ನಿಲ್ಲಿಸಿದರೆ ಒರೆಸಿದ ನೀರು ಇಳಿದು ಅಲ್ಲೇ ಸೇರುತ್ತದೆ. ಕಟ್ಟೆಯಲ್ಲಿ ಜಾಗ ಇಲ್ಲ ಅಂದಿರಿ. ಕಿಟಕಿ ಪಕ್ಕದ ಗೋಡೆಗೆ ಎರಡು ಮರದ ಗೂಟ ಹೊಡೆಸಿ, ಅದರ ಮೇಲೆ ನಿಲ್ಲಿಸಿ. ಗೋಡೆಗೂ ಮಣೆಗೂ ನಡುವೆ ಎರಡು ಬೆರಳು ಸಂದಿ ಇರಲಿ. ಮಲಗಿಸಿ ಇಡಬೇಡಿ, ಇದೊಂದನ್ನು ಮನೆಯವರಿಗೆಲ್ಲ ಹೇಳಿ.

ಶ್ರೀರಂಗಪಟ್ಟಣ ಮೆಸ್

ನಾವು ಮೆಸ್ ನಡೆಸುತ್ತೇವೆ, ಮಧ್ಯಾಹ್ನ ಮುದ್ದೆ ಊಟವೇ ಜಾಸ್ತಿ. ಮರಗೆಲಸದ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ತೊಳೆಯುವ ಬಗ್ಗೆ ನನ್ನ ಕಡೆಯಿಂದ ಒಂದೆರಡು ಮಾತು.

ರಾಗಿ ಒಣಗಲು ಬಿಡಬಾರದು. ಒಣಗಿದರೆ ಗಾರೆ ಹಾಗೆ ಕೂತುಬಿಡುತ್ತದೆ, ಆಮೇಲೆ ನೆನೆಸಲೇಬೇಕು, ನೆನೆಸಿದರೆ ಮರಕ್ಕೆ ಕೇಡು. ಕೊನೇ ಮುದ್ದೆ ಎತ್ತಿದ ತಕ್ಷಣ ಹಸಿ ಇರುವಾಗಲೇ ಕೆರೆಯಿರಿ. ಚಾಕು ಬೇಡ, ಸ್ಟೀಲ್ ಸ್ಕ್ರಬ್ಬರ್ ಬೇಡ. ತೆಂಗಿನ ಕರಟದ ಅಂಚು ಸಾಕು, ಮರಕ್ಕೆ ಗೀರು ಬೀಳುವುದಿಲ್ಲ. ಆಮೇಲೆ ತಣ್ಣೀರು, ತೆಂಗಿನ ನಾರು. ಮರದ ಎಳೆ ಹೋದ ಕಡೆಗೇ ಉಜ್ಜಬೇಕು. ಅಡ್ಡ ಉಜ್ಜಿದರೆ ಎಳೆ ಎದ್ದು ಹಿಟ್ಟು ಹಿಡಿಯುತ್ತದೆ.

ಹುಳಿ ವಾಸನೆಗೆ ಕಲ್ಲುಪ್ಪು, ನಿಂಬೆಹೋಳು. ಉಪ್ಪು ಹರಡಿ, ನಿಂಬೆಯನ್ನು ಮಗುಚಿ ಹಿಡಿದು ಒತ್ತಿ ತಿಕ್ಕಿ. ಬೂದು ಬಣ್ಣದ ನೀರು ಬರುತ್ತದೆ, ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ. ಐದು ನಿಮಿಷ ಬಿಟ್ಟು ತೊಳೆಯಿರಿ. ನಾವು ವಾರಕ್ಕೊಮ್ಮೆ ಮಾಡುತ್ತೇವೆ.

ಮುದ್ದೆ ಕೋಲು ಮರೆಯಬೇಡಿ. ಎಷ್ಟೋ ಮನೆಯಲ್ಲಿ ಮುದ್ದೆ ಪಾತ್ರೆಗೆ ನೀರು ಹಾಕಿ ಕೋಲನ್ನೂ ಅದರಲ್ಲೇ ನಿಲ್ಲಿಸಿ ರಾತ್ರಿಯಿಡೀ ಬಿಡುತ್ತಾರೆ. ಕೋಲಿನ ತುದಿ ಕೊಳೆತು ಮೆತ್ತಗಾಗುವುದು, ಎಳೆ ಬಿಡುವುದು ಅಲ್ಲಿಂದಲೇ. ತೊಳೆದು ನೇತುಹಾಕಿ. ನಾವು ಕೋಲಿನ ಹಿಡಿಯಲ್ಲಿ ತೂತು ಹೊಡೆಸಿ ದಾರ ಕಟ್ಟಿದ್ದೇವೆ. ಪಾತ್ರೆ ಅಲುಗದಂತೆ ಒತ್ತಿ ಹಿಡಿಯುವ ಕವೆಗೋಲಿಗೆ ಇಷ್ಟು ತೊಂದರೆ ಇಲ್ಲ, ಅದಕ್ಕೆ ಹಿಟ್ಟು ತಾಗುವುದೇ ಕಮ್ಮಿ.

ನಾಗಮಂಗಲದ ಸೊಸೆ

ಇಬ್ಬರಿಗೂ ಕೈಮುಗಿದೆ. ಅತ್ತೆಗೆ ಎಲ್ಲ ಓದಿ ಹೇಳಿದೆ. ಮೊಳೆ ವಿಷಯ ಕೇಳಿ "ಅದಕ್ಕೇ ನಾನು ಬೇಡ ಅಂದಿದ್ದು" ಅಂದರು. ತುದಿ ಕುಯ್ಯುವ ಮಾತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಟ್ಟು ಕೊಳೀತಾ ಕೂತರೆ ಇನ್ನೇನು ಮಾಡೋದು, ಕುಯ್ಸು" ಅಂದರು.

ಇನ್ನೊಂದು ಕೇಳಬೇಕು. ಹೊಸದಾಗಿ ಒಂದು ತರಕಾರಿ ಹೆಚ್ಚುವ ಮಣೆ ತಂದಿದ್ದೇವೆ, ತೇಗದ್ದು. ಅದಕ್ಕೆ ಎಣ್ಣೆ ಬೇಕಲ್ವಾ? ಮತ್ತೆ ಭಾನುವಾರ ಮನೆಯಲ್ಲಿ ಬಾಡೂಟ. ಕೋಳಿ, ಮಟನ್ ಅದೇ ಮಣೆ ಮೇಲೆ ಹೆಚ್ಚಬಹುದಾ? ಮರದಲ್ಲಿ ರೋಗಾಣು ಸೇರಿಕೊಳ್ಳುತ್ತೆ, ಪ್ಲಾಸ್ಟಿಕ್ ಒಳ್ಳೇದು ಅಂತ ತಂಗಿ ಹೇಳುತ್ತಾಳೆ.

ಆಹಾರ ವಿಜ್ಞಾನ ಮೈಸೂರು

ನಾನು ಫುಡ್ ಟೆಕ್ನಾಲಜಿ ಓದಿದವಳು, ಹಾಗಾಗಿ ಈ ಪ್ರಶ್ನೆಗೆ ಉತ್ತರಿಸುತ್ತೇನೆ. ತಂಗಿ ಹೇಳಿದ್ದನ್ನು ಒಂದು ಕಾಲದಲ್ಲಿ ಎಲ್ಲರೂ ನಂಬಿದ್ದರು. 1990ರ ದಶಕದ ಶುರುವಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೀನ್ ಕ್ಲೈವರ್ ಮತ್ತು ಜೊತೆಯವರು ಮರದ ಮಣೆ, ಪ್ಲಾಸ್ಟಿಕ್ ಮಣೆ ಎರಡರ ಮೇಲೂ ಬ್ಯಾಕ್ಟೀರಿಯಾ ಹಾಕಿ ನೋಡಿದರು. ಮರದ ಮೇಲೆ ಹಾಕಿದ್ದು ಬೇಗ ಒಳಗೆ ಇಳಿದುಹೋಯಿತು. ಮೇಲ್ಮೈಯಿಂದ ಮತ್ತೆ ತೆಗೆಯಲು ಹೋದರೆ ಸಿಗುವುದೇ ಕಷ್ಟವಾಯಿತು. ಒಳಗೆ ಹೋದದ್ದು ಹೆಚ್ಚಲಿಲ್ಲ, ನಿಧಾನವಾಗಿ ಸತ್ತಿತು. ಪ್ಲಾಸ್ಟಿಕ್ ಹೊಸದಿದ್ದಾಗ ತೊಳೆಯುವುದು ಸುಲಭ. ಚಾಕುವಿನ ಗೀರು ಬಿದ್ದ ಮೇಲೆ ಆ ಗೀರುಗಳೊಳಗಿನದನ್ನು ಕೈಯಲ್ಲಿ ತೊಳೆದು ತೆಗೆಯುವುದು ಕಷ್ಟ. ಈ ಅಧ್ಯಯನ 1994ರಲ್ಲಿ ಪ್ರಕಟವಾಯಿತು.

ಹಾಗಂತ ಮರದ ಮಣೆಯಲ್ಲಿ ಕೋಳಿ ಹೆಚ್ಚಿ, ಅದರಲ್ಲೇ ಸೌತೆಕಾಯಿ ಹೆಚ್ಚುವುದು ಸರಿ ಅಂತ ಅರ್ಥ ಅಲ್ಲ. ರೋಗ ಬರುವುದು ಹೆಚ್ಚಾಗಿ ಹೀಗೇ. ಹಸಿ ಮಾಂಸದ ರಸ ಬೇಯಿಸದೆ ತಿನ್ನುವ ಪದಾರ್ಥಕ್ಕೆ ಹತ್ತುತ್ತದೆ, ಅದು ಸೀದಾ ಹೊಟ್ಟೆಗೆ. ಕೋಸಂಬರಿಗೆ, ಮೊಸರುಬಜ್ಜಿಗೆ ಹೆಚ್ಚುವ ಮಣೆಯನ್ನು ಹಸಿ ಮಾಂಸಕ್ಕೆ ಮುಟ್ಟಿಸಬೇಡಿ. ಬೇರೆ ಮಣೆ ಇಟ್ಟುಕೊಳ್ಳಿ, ಮರದ್ದೋ ಪ್ಲಾಸ್ಟಿಕ್ಕೋ ನಿಮ್ಮ ಇಷ್ಟ. ಒಂದಕ್ಕೆ ಅಂಚಿನಲ್ಲಿ ಸುಟ್ಟು ಗುರುತು ಮಾಡಿಬಿಡಿ, ಮನೆಗೆ ಬಂದು ಹೋಗುವವರಿಗೂ ಗೊತ್ತಾಗುತ್ತದೆ.

ಬಾಡಿನ ಮಣೆಯನ್ನು ಬಿಸಿನೀರು, ಸೋಪಿನಲ್ಲಿ ತೊಳೆದ ಮೇಲೆ ಬ್ಲೀಚ್ ನೀರು ಹಾಕಬಹುದು. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ವಾಸನೆ ಸೇರಿಸದ ಬ್ಲೀಚ್. ಕೆಲವು ನಿಮಿಷ ಬಿಟ್ಟು ಒಳ್ಳೆ ನೀರಿನಲ್ಲಿ ತೊಳೆದು ಒಣಗಿಸಿ. ಮೇಲೆ ನಿಂಬೆ ಉಪ್ಪಿನ ಮಾತು ಬಂದಿದೆ, ಅದಕ್ಕೇ ಒತ್ತಿ ಹೇಳುತ್ತೇನೆ: ಬ್ಲೀಚ್ ಜೊತೆ ನಿಂಬೆ, ಹುಣಸೆ, ವಿನೆಗರ್ ಯಾವ ಹುಳಿಯನ್ನೂ ಸೇರಿಸಬಾರದು. ಕ್ಲೋರಿನ್ ಗಾಳಿ ಬರುತ್ತದೆ, ಉಸಿರಾಟಕ್ಕೆ ಅಪಾಯ. ಬ್ಲೀಚ್ ಹಾಕಿದ ದಿನ ನಿಂಬೆ ಬೇಡ.

ಮಂಡ್ಯ ಮರಗೆಲಸ

ಫುಡ್ ಟೆಕ್ನಾಲಜಿ ಓದಿದ ತಂಗಿ ಚೆನ್ನಾಗಿ ವಿವರಿಸಿದರು. ಮಾಂಸದ ಅಂಗಡಿಗಳಲ್ಲಿ ಹುಣಸೆ ಮರದ ಕೊರಡು ಇಡುವುದು ನೋಡಿರುತ್ತೀರಿ. ಗಟ್ಟಿ, ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಕತ್ತಿ ಏಟಿಗೆ ಸುಲಭಕ್ಕೆ ಸೀಳುವುದಿಲ್ಲ. ಮನೆಯಲ್ಲಿ ಮಾಂಸಕ್ಕೆ ಬೇರೆ ಮಣೆ ಮಾಡಿಸುವುದಾದರೆ ಹುಣಸೆಯದ್ದೇ ಕೇಳಿ.

ತೇಗದ ಮಣೆಗೆ ಎಣ್ಣೆ ಬೇಕು. ತೇಗದಲ್ಲಿ ಅದರದೇ ಎಣ್ಣೆ ಇದೆ, ನೀರು ತಡೆಯುತ್ತದೆ, ಆದರೂ ದಿನಾ ತೊಳೆದರೆ ಮೇಲ್ಮೈ ಬೆಳ್ಳಗೆ ಒಣಕಲಾಗುತ್ತದೆ. ಬೇಕೋ ಬೇಡವೋ ಅಂತ ನೋಡಲು ಒಂದು ಹನಿ ನೀರು ಬಿಡಿ. ಮುತ್ತಿನಂತೆ ನಿಂತರೆ ಸದ್ಯಕ್ಕೆ ಬೇಡ. ಹರಡಿ ಮರ ಕಪ್ಪಾದರೆ ಹಚ್ಚುವ ಹೊತ್ತು ಬಂದಿದೆ. ತೇಗದಲ್ಲಿ ಮರಳಿನ ಅಂಶ ಇರುತ್ತದೆ, ಚಾಕು ಬೇಗ ಮೊಂಡಾಗುತ್ತದೆ, ಅದು ಗೊತ್ತಿರಲಿ.

ಕಡಲೆಕಾಯಿ ಎಣ್ಣೆ ಒಣಗುವ ಎಣ್ಣೆ ಅಲ್ಲ, ಮರದೊಳಗೆ ಹಾಗೇ ಉಳಿದು ಕಮಟು ವಾಸನೆ ಬರುತ್ತದೆ. ಸೂರ್ಯಕಾಂತಿಯೂ ಬೇಡ. ಹಳ್ಳಿಯಲ್ಲಿ ಹುಚ್ಚೆಳ್ಳೆಣ್ಣೆ ಇದೆ ಅಂತ ಹಚ್ಚುತ್ತಾರೆ. ಅದು ಪೂರ್ತಿ ಒಣಗುವುದೂ ಇಲ್ಲ, ಹಾಗೇ ಇರುವುದೂ ಇಲ್ಲ, ಅಂಟಂಟಾಗಿ ಧೂಳು ಹಿಡಿಯುತ್ತದೆ. ಹಾರ್ಡ್‌ವೇರ್ ಅಂಗಡಿಯ ಲಿನ್‌ಸೀಡ್ ಅಂದರೆ ಅಗಸೆ ಎಣ್ಣೆಯೇ. ಆದರೆ ಬಾಯ್ಲ್ಡ್ ಅಂತ ಬರೆದಿದ್ದರೆ ಬೇಗ ಒಣಗಲಿ ಅಂತ ಲೋಹದ ಉಪ್ಪು ಸೇರಿಸಿರುತ್ತಾರೆ. ಬಾಗಿಲಿಗೆ ಹಚ್ಚಿ, ಊಟದ ಮಣೆಗೆ ಬೇಡ. ನೀವು ತೊಗೊಳ್ಳದೇ ಇದ್ದಿದ್ದು ಒಳ್ಳೆಯದಾಯಿತು. ಗಾಣದಲ್ಲಿ ತೆಗೆದ ತಿನ್ನುವ ಅಗಸೆ ಎಣ್ಣೆ ಹಚ್ಚಬಹುದು, ಅದು ಗಾಳಿಗೆ ತಾನಾಗಿ ಗಟ್ಟಿಯಾಗುತ್ತದೆ. ಆದರೆ ಒಂದು ಪದರ ಆರಲು ದಿನಗಟ್ಟಲೆ ಬೇಕು. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಒಳಗೊಳಗೇ ಕಾದು ಬೆಂಕಿ ಹತ್ತಿಕೊಳ್ಳುತ್ತದೆ. ಬಿಡಿಸಿ ಹರಡಿ ಒಣಗಿಸಿ, ಆಮೇಲೆ ಬಿಸಾಕಿ.

ಮನೆ ಮಟ್ಟಿಗೆ ಎರಡರಲ್ಲಿ ಒಂದು ಸಾಕು. ಕೊಬ್ಬರಿ ಎಣ್ಣೆ ಅಷ್ಟು ಬೇಗ ಕೆಡುವುದಿಲ್ಲ. 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ, ಧನುರ್ಮಾಸದ ಚಳಿಯಲ್ಲಿ ಹಚ್ಚುವುದಾದರೆ ಬೆಚ್ಚಗೆ ಮಾಡಿಕೊಳ್ಳಿ. ಇಲ್ಲಾ ಮೆಡಿಕಲ್ ಸ್ಟೋರಿನ ಲಿಕ್ವಿಡ್ ಪ್ಯಾರಾಫಿನ್, ಬಾಟಲಿ ಮೇಲೆ ಐ.ಪಿ. (ಇಂಡಿಯನ್ ಫಾರ್ಮಕೋಪಿಯಾ, ಔಷಧದ ಗುಣಮಟ್ಟದ ಗುರುತು) ಅಂತ ಇರಬೇಕು. ಅದನ್ನು ಮಲಬದ್ಧತೆಗೆ ಕುಡಿಯಲು ಕೊಡುತ್ತಾರೆ, ಮಣೆಗೆ ಹಚ್ಚಲು ಹೆದರಬೇಡಿ. ಕೆಡುವುದೂ ಇಲ್ಲ, ವಾಸನೆಯೂ ಇಲ್ಲ. ಹೆಚ್ಚುವ ಮಣೆಗೆ ನಾನು ಹಚ್ಚುವುದು ಇದನ್ನೇ. ನಾಲ್ಕು ಪಾಲು ಇದು, ಒಂದು ಪಾಲು ಜೇನುಮೇಣ. ಕುದಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು, ಸೀದಾ ಉರಿ ಮೇಲೆ ಇಡಬಾರದು.

ಹಚ್ಚುವ ಮುಂಚೆ ಮಣೆ ಎರಡು ದಿನ ಒಣಗಿರಲಿ. ಒದ್ದೆ ಮರ ಎಣ್ಣೆ ಕುಡಿಯುವುದಿಲ್ಲ. ಮೇಲೆ, ಕೆಳಗೆ, ನಾಲ್ಕು ಅಂಚು, ಎಲ್ಲ ಕಡೆ ಧಾರಾಳವಾಗಿ ಹಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಅಡ್ಡ ಕುಯ್ದ ತುದಿಗಳು ಪೂರ್ತಿ ಕುಡಿದು ಒಣಕಲಾಗಿ ಕಾಣುತ್ತವೆ, ಅಲ್ಲಿ ಇನ್ನೊಮ್ಮೆ ಹಚ್ಚಿ. ಉಳಿದದ್ದನ್ನು ಒಣ ಬಟ್ಟೆಯಲ್ಲಿ ಒರೆಸಿಬಿಡಿ.

ಹೊಸ ಮಣೆ ಅಂದಿರಿ. ಅದರ ಮೇಲೆ ವಾರ್ನಿಶ್ ಹೊಳಪು ಇದೆಯಾ ನೋಡಿ. ಇದ್ದರೆ ಎಣ್ಣೆ ಇಳಿಯುವುದಿಲ್ಲ, ಚಾಕು ಏಟಿಗೆ ಆ ಪದರ ಚಕ್ಕೆ ಎದ್ದು ತರಕಾರಿಗೆ ಸೇರುತ್ತದೆ. 120ರ ಸ್ಯಾಂಡ್ ಪೇಪರಿನಲ್ಲಿ ಹೊಳಪು ಹೋಗುವ ತನಕ ಉಜ್ಜಿ, ಆಮೇಲೆ 220ರಲ್ಲಿ ನಯ ಮಾಡಿ. ನಡುವೆ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಆರಲು ಬಿಟ್ಟರೆ ಎಳೆ ಎದ್ದು ನಿಲ್ಲುತ್ತದೆ, ಅದನ್ನೂ 220ರಲ್ಲಿ ತೆಗೆಯಿರಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ತೇಗದ ಹೊಟ್ಟು ಒಳ್ಳೆಯದಲ್ಲ.

ಮುದ್ದೆ ಮಣೆಯ ಪಟ್ಟಿ ತೆಗೆಸಿದ ಮೇಲೆ ಒಂದು ನೇರ ಸ್ಕೇಲನ್ನು ಅಡ್ಡಕ್ಕೆ ಇಟ್ಟು, ಬೆಳಕಿಗೆ ಹಿಡಿದು ಫೋಟೋ ತೆಗೆದು ಇಲ್ಲೇ ಹಾಕಿ. ಸ್ಕೇಲ್ ಕೆಳಗೆ ಎಷ್ಟು ಬೆಳಕು ಕಾಣುತ್ತದೆ ಅಂತ ನೋಡಿ ತೋಡಿನ ಪಟ್ಟಿ ಬೇಕೋ, ಸುಮ್ನೆ ಕೆಳಗಡೆ ಮಾತ್ರ ಸ್ವಲ್ಪ ಕೀಸಿದರೆ ಸಾಕೋ ಹೇಳುತ್ತೇನೆ. ಯಾರೇ ಕೀಸಲು ಕೂತರೂ ಮೇಲ್ಮುಖ ಮುಟ್ಟಬಾರದು ಅಂತ ಮೊದಲೇ ಹೇಳಿಬಿಡಿ. ಆ ತಗ್ಗು ಮುದ್ದೆ ಉರುಳಿಸಲು ಕೈಗೆ ಸರಿಯಾಗಿ ಕೂತಿರುತ್ತದೆ.